ಖಟಾಕ್ ಅನ್ನದ ಕ್ಯಾಮೆರಾ

ನಮ್ಮ ಬಸವಕಲ್ಯಾಣದ ಜನ ಫೋಟೋವನ್ನು ಮೊದಲು ಕಿವಿಯಿಂದ ಕೇಳುತ್ತಾರೆ. ಕಣ್ಣಿನಿಂದ ನೋಡುವುದು ಎಂಟು ದಿನಗಳ ನಂತರದ ಮಾತು. ಇಷ್ಟು ಸಣ್ಣ ಸಂಗತಿಯನ್ನು, ಫೋಟೋಗ್ರಾಫರನ ಮಗನಾಗಿ ಹುಟ್ಟಿದ ನಾನು ಮರೆತೆ. ಮುಂದಿನ ಅನಾಹುತಗಳೆಲ್ಲ ಅದರಿಂದಲೇ. ತಪ್ಪು ನನ್ನದೆಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ಹೆಂಡತಿ ಯಶೋದಾ ದಿನಕ್ಕೆರಡು ಸಲ ಒಪ್ಪಿಸುತ್ತಾಳೆ, ರೂಢಿಯಾಗಿ ಹೋಗಿದೆ.

ನಮ್ಮಪ್ಪ ಕಾಶಿರಾಮ ಕೋಟೆ ರಸ್ತೆಯಲ್ಲಿ ಸ್ಟುಡಿಯೋ ಇಟ್ಟು ಆಗಲೇ ಮೂವತ್ತೈದು ವರ್ಷವಾಗಿತ್ತು. ಅವನ ಕ್ಯಾಮೆರಾ ರಷ್ಯಾದ್ದು, ಇಟ್ಟಿಗೆಯಷ್ಟು ತೂಕ. ಗುಂಡಿ ಒತ್ತಿದರೆ ಒಳಗಿನ ಸಣ್ಣ ಕನ್ನಡಿಯೊಂದು ಹಾರಿ ಮೇಲಕ್ಕೆ ಬಡಿದು ಮತ್ತೆ ಕೆಳಗೆ ಬೀಳುತ್ತಿತ್ತು. ಆ ಸಪ್ಪಳಕ್ಕೆ ಊರು 'ಖಟಾಕ್' ಎಂದು ಹೆಸರಿಟ್ಟಿತ್ತು. ಖಟಾಕ್ ಕೇಳುವ ತನಕ ಜನ ಉಸಿರು ಬಿಡುತ್ತಿರಲಿಲ್ಲ, ರೆಪ್ಪೆ ಬಡಿಯುತ್ತಿರಲಿಲ್ಲ, ಹೆಂಡತಿಯ ಪಕ್ಕದಲ್ಲಿ ಕೂತ ಗಂಡ ಅರ್ಧಕ್ಕೆ ನಿಲ್ಲಿಸಿದ ಜಗಳವನ್ನು ಮುಂದುವರಿಸುತ್ತಿರಲಿಲ್ಲ. ಖಟಾಕ್ ಅಂದಮೇಲೆ ಇಷ್ಟಕ್ಕೂ ಒಮ್ಮೆಲೇ ಅಪ್ಪಣೆ.

ಸತ್ತವರ ಫೋಟೋಕ್ಕಂತೂ ಅದೇ ಶಾಸ್ತ್ರ. ನಮ್ಮ ಕಡೆ ಮಂಠಾಳದಿಂದ ಹುಡಗಿ ಊರಿನ ತನಕ ಎಷ್ಟೋ ಹಳ್ಳಿಯ ಹಿರಿಯರಿಗೆ ಮೊದಲ ಫೋಟೋ ಆಗುತ್ತಿದ್ದದ್ದೇ ಕಡೆಯ ದಿನ. ಮಡಿದವರಿಗೆ ಸ್ನಾನ ಮಾಡಿಸಿ, ಹೊಸ ಸೀರೆಯನ್ನೋ ಧೋತರವನ್ನೋ ಉಡಿಸಿ, ಹೂವಿನ ಸರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಕ್ಕಳು ಮೊಮ್ಮಕ್ಕಳು ಸುತ್ತ ಕೂರುತ್ತಾರೆ. ಅಪ್ಪ ಕ್ಯಾಮೆರಾ ಎತ್ತಿದನೆಂದರೆ ಅಳು ನಿಲ್ಲುತ್ತಿತ್ತು. ಮೂಗು ಒರೆಸಿಕೊಂಡು, ತಲೆಗೂದಲು ಸವರಿಕೊಂಡು ಎಲ್ಲರೂ ನೆಟ್ಟಗಾಗುತ್ತಿದ್ದರು. ಖಟಾಕ್! ಮತ್ತೆ ಅಳು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು.

ಇಂಥ ಸಾವಿರ ಫೋಟೋ ಹೊಡೆದ ಅಪ್ಪನದು ಮಾತ್ರ ಒಂದೂ ಫೋಟೋ ಇರಲಿಲ್ಲ. ಹೊಡೆಯುವವನು ಅವನೇ, ಅವನಿಗೆ ಯಾರು ಹೊಡೆಯಬೇಕು? ಕೈ ನಡುಗತೊಡಗಿ ಕ್ಯಾಮೆರಾ ನನ್ನ ಕೈಗೆ ಬಂದ ಮೇಲೆ ನಾನು ಕೇಳಿದಾಗಲೆಲ್ಲ "ನಾಳಿ ನೋಡೂಣು" ಅನ್ನುತ್ತಿದ್ದ. ಆದರೆ ಒಂದು ಕರಾರನ್ನು ಮಾತ್ರ ಬಂದವರೆದುರಿಗೆಲ್ಲ ಹೇಳುತ್ತಿದ್ದ: "ನನ್ನ ಫೋಟೋ ಕಣ್ಣು ತೆರದಾಗೇ ಆಗಬೇಕು. ಸತ್ತಮ್ಯಾಲ ಗ್ವಾಡಿಗೆ ಕುಂಡ್ರಿಸಿ ಹೊಡದ್ರೋ, ಎದ್ದು ಬಂದು ನಿನ್ನ ಕಪಾಳಕ್ಕ ಹೊಡೀತೀನಿ, ಅಶೋಕಾ."

ಅಶೋಕ ಅಂದರೆ ನಾನು. ಅಶೋಕಕುಮಾರ ಎಂದು ಬೋರ್ಡಿನ ಮೇಲಿದೆ. ಕುಮಾರ ಎಂದು ಯಾರೂ ಕರೆಯುವುದಿಲ್ಲ.

ಎರಡು ಸಾವಿರದ ಆರನೆಯ ಇಸವಿಯಲ್ಲಿ ಖಾಜಾ ಜೆಡ್ಡಾದಿಂದ ಬಂದ. ನಮ್ಮ ಪಕ್ಕದ ಅಂಗಡಿಯ ಟೇಲರ್ ಖಮರುದ್ದೀನನ ಮೈದುನ. ಅಲ್ಲಿ ಯಾರೋ ಶೇಖ್ ಸಾಹೇಬರ ಮನೆಯಲ್ಲಿ ಡ್ರೈವರ್. ಅವನ ಚೀಲದಲ್ಲಿ ಒಂದು ಕ್ಯಾಮೆರಾ ಇತ್ತು.

"ಡಿಜಿಟಲ್ ಅದ ಭಾಯ್," ಅಂದ ಖಾಜಾ. "ರೀಲ್ ಬೇಕಾಗೂದೇ ಇಲ್ಲ."

ನೋಡಿದೆ. ಅಂಗೈಯಷ್ಟು ಕಪ್ಪು ಪೆಟ್ಟಿಗೆ. ನೋಡುವ ಕಿಂಡಿ ಒಂದು ಮೂಲೆಯಲ್ಲಿ, ಲೆನ್ಸು ನಡುವೆ. ಕಿಂಡಿಯಲ್ಲಿ ಇಣುಕಿದರೆ ಖಾಜಾನಿಗೆ ಎರಡು ಮೂಗು. ಲೆನ್ಸನ್ನು ಮೆಲ್ಲಗೆ ತಿರುವಿದರೆ ಎರಡೂ ಮೂಗು ಸರಿದು ಬಂದು ಒಂದಾಗುತ್ತಿದ್ದವು. ಒಂದಾದರೆ ಫೋಟೋ ಸ್ವಚ್ಛ ಬರುತ್ತದೆಂದು ಅರ್ಥ. ಬಲಗಡೆ ಮೇಲೆ ರೀಲು ಮುಂದಕ್ಕೆ ತಳ್ಳುವ ಕೀಲಿಯೂ ಇತ್ತು.

"ರೀಲೇ ಇಲ್ಲ ಅಂದಿ. ಮತ್ತ ಈ ಕೀಲಿ ಯಾಕ?"

"ಶೇಖ್ ಸಾಬ್ ಹೇಳತಿದ್ರು, ಅದು ಹಿರಿಯರ ರಿವಾಜು ಅಂತ. ಹಳೇ ಕ್ಯಾಮೆರಾಕ್ಕ ಇತ್ತು, ಅದಕ್ಕ ಹೊಸದಕ್ಕೂ ಇಟ್ಟಾರ. ಒಮ್ಮಿ ಜಗ್ಗಬೇಕು, ಆಮ್ಯಾಲ ಒತ್ತಬೇಕು. ಜಗ್ಗದಿದ್ರ ನಡಿಯೂದಿಲ್ಲ."

"ಇಂಥಾ ಮಾಲು ಶೇಖ್ ಸಾಹೇಬ್ರು ಯಾಕ ಕೊಟ್ರು?"

"ಸಪ್ಪಳ ಬಹಳ ಆಗ್ತದ ಅಂತ. ಅವರ ಹಳೇದು ಇದರಕಿಂತಾ ಮೆತ್ತಗಿತ್ತಂತ. ಮನಿ ಮಂದಿ ಎಲ್ಲಾರೂ ತಲಿ ತಿಂದಾರ, ಸಪ್ಪಳ, ಸಪ್ಪಳ ಅಂತ. ನಂಗ ಕೊಟ್ಟುಬಿಟ್ರು."

ಕೀಲಿ ಜಗ್ಗಿ ಒತ್ತಿದೆ. ಹಲ್ಲಿ ನಾಲಿಗೆ ಚಾಚಿ ಒಳಗೆ ಎಳೆದುಕೊಂಡರೆ ಎಷ್ಟು ಸದ್ದಾಗುತ್ತದೋ ಅಷ್ಟಾಯಿತು. ಕನ್ನಡಿಯೇ ಇಲ್ಲದ ಕ್ಯಾಮೆರಾ. ಹಾರಿ ಬಡಿಯಲು ಒಳಗೆ ಏನೂ ಇಲ್ಲ. ಇದು ಗದ್ದಲವಾಯಿತೆಂದು ದಾನ ಕೊಟ್ಟ ಮನೆಯನ್ನು ನೆನೆಸಿಕೊಂಡು ನನಗೆ ಎಂಥದೋ ಗೌರವ ಬಂತು. ನನ್ನ ಸ್ಕೂಟರನ್ನು ಖಾಜಾನಿಗೆ ಕೊಟ್ಟು ಕ್ಯಾಮೆರಾ ಇಟ್ಟುಕೊಂಡೆ. ಮರುದಿನವೇ ಬೋರ್ಡಿನ ಮೇಲೆ 'ಡಿಜಿಟಲ್' ಎಂದು ಕೆಂಪು ಬಣ್ಣದಲ್ಲಿ ಬರೆಸಿದೆ. 'ಅಶೋಕಕುಮಾರ'ಕ್ಕಿಂತ ಅದು ದೊಡ್ಡದಾಯಿತು.

ಅಪ್ಪ ಹೊಸ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದ. ಕೀಲಿ ಜಗ್ಗಿದ. ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದ. ಮತ್ತೊಮ್ಮೆ ಜಗ್ಗಿ ಒತ್ತಿದ.

"ಇದು ಸತ್ತದ," ಎಂದು ತೀರ್ಪು ಕೊಟ್ಟು ಟೇಬಲ್ಲಿನ ಮೇಲಿಟ್ಟ. "ಸತ್ತ ಕ್ಯಾಮೆರಾ ತಗೊಂಡು ಗಟ್ಟಿಮುಟ್ಟ ಸ್ಕೂಟರ್ ಕೊಟ್ಟ ಶ್ಯಾಣ್ಯಾ!"

ಆ ದಿನಗಳಲ್ಲಿ ಅಪ್ಪ ಸ್ವಲ್ಪ ಶಾಂತನಾಗಿದ್ದನೆಂಬುದು ನಮ್ಮೆಲ್ಲರ ಸಮಾಧಾನ. ಖಮರುದ್ದೀನನ ಹೊಲಿಗೆ ಮಶೀನಿನ ಕಿರಿಕಿರಿಗೆ ಇಪ್ಪತ್ತು ವರ್ಷದಿಂದ ಅವನನ್ನು ಬೈಯುತ್ತ ಬಂದವನು ಈಗ ಬೈಯುವುದನ್ನು ನಿಲ್ಲಿಸಿದ್ದ. ಹೈವೇದ ಲಾರಿಗಳು ಕಡಿಮೆಯಾದವೆಂದು ಸರಕಾರವನ್ನೂ ಹೊಗಳುತ್ತಿದ್ದ. ವಯಸ್ಸು ಮನುಷ್ಯನನ್ನು ಮಾಗಿಸುತ್ತದೆ ಎಂದು ಯಶೋದಾ ಅವನಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಮೊದಲ ಅನಾಹುತ ಹುಮನಾಬಾದಿನಲ್ಲಿ ಆಯಿತು. ಅಲ್ಲಿನ ಒಂದು ಶಾಲೆಯ ಮುಖ್ಯೋಪಾಧ್ಯಾಯ ಮಹಾರುದ್ರಪ್ಪನವರ ನಿವೃತ್ತಿ. ಇಪ್ಪತ್ತೊಂದು ಮಂದಿ ಶಿಕ್ಷಕರು ಬಿಸಿಲಿಗೆ ಮುಖ ಮಾಡಿ ಮೂರು ಸಾಲಾಗಿ ನಿಂತಿದ್ದರು. ನಡುವಿನ ಕುರ್ಚಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಸಮೇತ ಮಹಾರುದ್ರಪ್ಪನವರು. ಅವರ ಎರಡು ಮೂಗನ್ನು ಕಷ್ಟಪಟ್ಟು ಒಂದು ಮಾಡಿ ಆರು ಫೋಟೋ ಹೊಡೆದೆ. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಯಾರೂ ಕದಲಲಿಲ್ಲ.

"ಆತ್ರೀ ಸರ್," ಅಂದೆ.

"ಏನಾತು?" ಮಹಾರುದ್ರಪ್ಪನವರು ತುಟಿ ಅಲುಗಿಸದೆ ಕೇಳಿದರು.

"ಫೋಟೋ ಆತ್ರೀ."

"ಯಾವಾಗ?"

"ಈಗೇ ಸರ್. ಆರು ಹೊಡದೀನಿ."

"ನಾವು ಇಲ್ಲೇ ಕುಂತೀವಿ. ನಮಗ ಹ್ಯಾಂಗ ಗೊತ್ತಾಗಲಿಲ್ಲ?"

"ಇದು ಡಿಜಿಟಲ್ ಸರ್. ಸಪ್ಪಳ ಆಗೂದಿಲ್ರೀ."

ಮಹಾರುದ್ರಪ್ಪನವರು ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು ಎದ್ದರು. ಅವರ ಹಿಂದೆ ಇಪ್ಪತ್ತೊಂದು ಮಂದಿ ಇನ್ನೂ ಉಸಿರು ಹಿಡಿದೇ ನಿಂತಿದ್ದರು.

"ಮೂವತ್ತೆಂಟು ವರ್ಷ ಹಾಜರಿ ಕರದೀನಪಾ. ಹುಡುಗ ಎದುರಿಗೇ ಕುಂತಿರಲಿ, 'ಎಸ್ ಸರ್' ಅನ್ನಲಿಲ್ಲಂದ್ರ ಗೈರುಹಾಜರಿ. ನಿನ್ನ ಕ್ಯಾಮೆರಾ ಎಸ್ ಸರ್ ಅಂದದೇನು?"

ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯಲ್ಲಿ ಫೋಟೋ ತೋರಿಸಿದೆ. ಮಹಾರುದ್ರಪ್ಪನವರು ಚಷ್ಮಾ ಏರಿಸಿ ತಮ್ಮನ್ನು ತಾವು ದೀರ್ಘವಾಗಿ ನೋಡಿಕೊಂಡರು.

"ಇದು ಟಿವಿ," ಅಂದರು. "ಟಿವಿಯಾಗ ಮಂದಿ ಬರ್ತಾರ, ಹೋಗ್ತಾರ. ಫೋಟೋ ಬ್ಯಾರೆ. ಲೇ, ಬಸ್‌ಸ್ಟ್ಯಾಂಡ್ ಕಡಿಂದ ಯಾರನ್ನರೆ ಕರಕೊಂಡು ಬರ್ರಿ!"

ಬಸ್‌ಸ್ಟ್ಯಾಂಡಿನ ಫೋಟೋಗ್ರಾಫರ್ ಬರುವ ತನಕ ಇಪ್ಪತ್ತೊಂದು ಮಂದಿಯೂ ಸಾಲು ಬಿಡಲಿಲ್ಲ. ಅವನ ಕ್ಯಾಮೆರಾ ಖಟಾಕ್ ಅಂದಾಗ ಇಡೀ ಶಾಲೆ ಒಮ್ಮೆಲೇ ಉಸಿರು ಬಿಟ್ಟಿತು. ಹಾರದ ಹೂವು ಅಲುಗಿದ್ದನ್ನು ನಾನೇ ಕಂಡೆ.

ಈ ಸುದ್ದಿ ನಾನು ಹತ್ತಿದ ಬಸ್ಸಿಗಿಂತ ಮೊದಲೇ ಬಸವಕಲ್ಯಾಣ ಮುಟ್ಟಿತ್ತು. ಯಶೋದಾ ಒಂದು ಉಪಾಯ ಹೇಳಿದಳು. "ಮಂದಿಗಿ ಸಪ್ಪಳ ಬೇಕಲ್ರೀ? ಮಾವನ ಹಳೇ ಕ್ಯಾಮೆರಾ ಕೊರಳಾಗ ಹಾಕ್ಕೋರಿ. ಬಲಗೈಲೆ ಇದನ್ನ ಒತ್ರಿ, ಎಡಗೈಲೆ ಅದನ್ನ ಒತ್ರಿ."

ಮಾಡಿದೆ. ಹಳೆಯ ಕ್ಯಾಮೆರಾದಲ್ಲಿ ರೀಲಿರಲಿಲ್ಲ, ಸಪ್ಪಳವಷ್ಟೇ ಇತ್ತು. ಹೊಸ ಕ್ಯಾಮೆರಾದಲ್ಲಿ ಫೋಟೋ ಇತ್ತು, ಸಪ್ಪಳವಿರಲಿಲ್ಲ. ಎರಡೂ ಸೇರಿ ಒಬ್ಬ ಫೋಟೋಗ್ರಾಫರನ ಕೆಲಸ ಮಾಡತೊಡಗಿದವು. ರೇಷನ್ ಕಾರ್ಡಿನವರು, ಪರೀಕ್ಷೆಯ ಅರ್ಜಿಯವರು, ಹೊಸ ದಂಪತಿಗಳು ಎಲ್ಲರೂ ಖಟಾಕ್ ಕೇಳಿ ತೃಪ್ತರಾಗಿ ಎದ್ದು ಹೋದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಖಮರುದ್ದೀನ್ ಮಾತ್ರ ತನ್ನ ಅಂಗಡಿಯಿಂದ ಕೂಗುತ್ತಿದ್ದ: "ಅಶೋಕ ಭಾಯ್, ಒಂದರಾಗ ಗಂಡ, ಒಂದರಾಗ ಹೆಂಡತಿ ಹೊಡೀತೀರೇನು?"

ಎರಡನೆಯ ಅನಾಹುತ ಹುಡಗಿ ಎಂಬ ಹಳ್ಳಿಯಲ್ಲಿ. ಅಲ್ಲಿನ ಧನರಾಜ ಪಾಟೀಲರ ತಾಯಿ ಸುಂದರಬಾಯಿ ತೀರಿಕೊಂಡರೆಂದು ಬೆಳಿಗ್ಗೆಯೇ ಜೀಪು ಬಂತು. ಎಂಬತ್ತು ದಾಟಿದ ಮುದುಕಿ. ಬದುಕಿನಲ್ಲಿ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಮಗಳು ಮೇಘಾಳ ಶಾಲೆಯ ಡಬ್ಬಿ ಕಟ್ಟುವುದು, ಅವಳ ಜಡೆಗೆ ರಿಬ್ಬನ್ ಹುಡುಕುವುದು ಎಲ್ಲ ಒಂದೇ ಗಳಿಗೆಗೆ ಬಂದು ನಾನು ಓಡಿ ಹತ್ತಿದೆ. ಹಳ್ಳಿ ತಲುಪಿ ಕೊರಳು ಮುಟ್ಟಿ ನೋಡಿಕೊಂಡಾಗ ಅಲ್ಲಿ ಮಗಳ ರಿಬ್ಬನ್ ಇತ್ತು. ಸಪ್ಪಳದ ಕ್ಯಾಮೆರಾ ಮನೆಯಲ್ಲೇ ಉಳಿದಿತ್ತು.

ಪಡಸಾಲೆಯಲ್ಲಿ ಸುಂದರಬಾಯಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಮಲ್ಲಿಗೆ ಸರ. ಸುತ್ತ ನಲವತ್ತು ಜನರ ಅಳು.

"ಫೋಟೋದಾವ ಬಂದಾನ. ಸುಮ್ನಾಗ್ರಿ ಎಲ್ಲಾರೂ," ಅಂದ ಧನರಾಜ.

ಅಳು ನಿಂತಿತು. ಮೂಗುಗಳು ಒರೆಸಲ್ಪಟ್ಟವು. ನಾಲ್ಕು ಫೋಟೋ ಹೊಡೆದೆ. ಕ್ಯಾಮೆರಾ ಕೆಳಗಿಳಿಸಿದೆ. ನಲವತ್ತು ಮಂದಿ ಅಳುವನ್ನು ಗಂಟಲಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಎಣ್ಣೆಯ ದೀಪ ಚಟಚಟ ಅಂದರೆ ಎಲ್ಲರೂ ಅದರತ್ತ ಆಸೆಯಿಂದ ತಿರುಗಿ, ಮತ್ತೆ ನನ್ನತ್ತ ತಿರುಗಿದರು.

ಮುದುಕಿಯ ಹಿರಿಯ ಮಗಳು ಸತ್ಯಮ್ಮ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು: "ಯಣ್ಣಾ, ಲಗೂನ ಹೊಡಿ. ಅಳೂದು ತಡಕೊಳ್ಳಾಕ ಆಗವಲ್ಲದು."

ಫೋಟೋ ಆತು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಹಾರುದ್ರಪ್ಪನವರ 'ಎಸ್ ಸರ್' ನನ್ನ ತಲೆಯಲ್ಲಿ ಕೂತಿತ್ತು. ಕ್ಯಾಮೆರಾವನ್ನು ಮತ್ತೆ ಕಣ್ಣಿಗಿಟ್ಟುಕೊಂಡು, ಅದರ ಹಿಂದೆ ಬಾಯಿ ಮರೆಮಾಡಿ, ಗಟ್ಟಿಯಾಗಿ ಅಂದೆ:

"ಖಟಾಕ್!"

ಬಾಯಿ ಮರೆಯಾಗಲಿಲ್ಲ. ಈ ಜಾತಿಯ ಕ್ಯಾಮೆರಾದ ಕಿಂಡಿ ಮೂಲೆಯಲ್ಲಿರುವುದರಿಂದ ಅರ್ಧ ಮುಖ ಹೊರಗೇ ಉಳಿಯುತ್ತದೆ. ಬಾಯಿ ಅಂದದ್ದನ್ನು ನಲವತ್ತು ಮಂದಿಯೂ ಕಂಡರು.

ಮೊದಲು ನಕ್ಕವಳು ಕಡೆಯ ಸೊಸೆ. ಸೆರಗನ್ನು ಬಾಯಿಗೆ ತುರುಕಿಕೊಂಡಳು; ಹೆಗಲು ಕುಣಿಯತೊಡಗಿತು. ಅವಳ ಪಕ್ಕದವಳು ಅವಳನ್ನು ಚಿವುಟಲು ಹೋಗಿ ತಾನೂ ನಕ್ಕಳು. ಅಷ್ಟು ಹೊತ್ತು ತಡೆದಿಟ್ಟ ಅಳು ಯಾವ ಬಾಗಿಲು ಸಿಕ್ಕಿತೋ ಅದರಿಂದ ಹೊರಬಿತ್ತು. ಮುಕ್ಕಾಲು ಪಡಸಾಲೆ ನಗುತ್ತಿತ್ತು, ಕಾಲು ಪಡಸಾಲೆ ನಕ್ಕವರನ್ನು ಬೈಯುತ್ತಿತ್ತು. ಸತ್ಯಮ್ಮ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು.

"ನಮ್ಮವ್ವನ ಮುಂದ ನಕಲಿ ಮಾಡಾಕ ಬಂದೀಯೇನಲೇ?" ಧನರಾಜ ನನ್ನ ಕೊರಳಪಟ್ಟಿ ಹಿಡಿದ. "ಈ ನನ್ನ ಮೊಬೈಲ್ ನೋಡು, ಇದೂ ಖಚಕ್ ಅಂತದ! ಖೋಟಾ ಸಪ್ಪಳ ಇದ್ರೂ ಇರಲಿ, ಅದಕ್ಕೂ ಮರ್ಯಾದಿ ಅದ. ನಿನಗಿಲ್ಲ!"

ಚಪ್ಪಲಿ ಅಲ್ಲೇ ಬಿಟ್ಟು ಬಂದೆ. ಫೋಟೋ ಬಹಳ ಚಂದ ಬಂದಿತ್ತು. ಎಂಟು ದಿನಕ್ಕೆ ಒಯ್ದರೆ ಧನರಾಜ ಲಕೋಟೆ ಬಿಚ್ಚಲಿಲ್ಲ. "ಬಾಯಲೆ ಹೊಡದ ಫೋಟೋ ನಮ್ಮ ಮನಿಗಿ ಬ್ಯಾಡ." ಅವು ಈಗಲೂ ನನ್ನ ಟೇಬಲ್ಲಿನ ಖಾನೆಯಲ್ಲಿವೆ. ನಲವತ್ತು ಮಂದಿ ಅಳು ಹಿಡಿದು ಕೂತಿದ್ದಾರೆ. ನಡುವೆ ಸುಂದರಬಾಯಿ ಒಬ್ಬರೇ ನಿರಾಳವಾಗಿದ್ದಾರೆ.

ಆಮೇಲೆ ನಾನು ಹಾಲು ತರಲು ಹೋದರೆ ಹಾಲಿನವನು 'ಖಟಾಕ್' ಅನ್ನುತ್ತಿದ್ದ. ಬಸ್ ಕಂಡಕ್ಟರ್ ಟಿಕೆಟ್ ಹರಿದು 'ಖಟಾಕ್' ಅನ್ನುತ್ತಿದ್ದ. ಮೇಘಾ ಒಂದು ದಿನ ಶಾಲೆಯಿಂದ ಅಳುತ್ತ ಬಂದಳು. ಹಾಜರಿ ಕರೆದಾಗ ಅವಳ ಹೆಸರಿಗೆ ಇಡೀ ಕ್ಲಾಸು ಖಟಾಕ್ ಅಂದಿತ್ತಂತೆ. ಅಪ್ಪನಿಗೆ ಇದಾವುದೂ ತಲುಪಲಿಲ್ಲ. ಅವನೆದುರಿಗೇ ಖಟಾಕ್ ಅಂದರೂ ಸುಮ್ಮನೆ ಕೂತಿರುತ್ತಿದ್ದ. ದೊಡ್ಡ ಮನಸ್ಸು ಎಂದುಕೊಂಡೆವು.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದ. ಗುಲಬರ್ಗಾದ ಡಾಕ್ಟರು ಎದೆಯ ಚಿತ್ರ ನೋಡಿ, "ಮನೆಗೆ ಕರಕೊಂಡು ಹೋಗ್ರಿ, ಏನು ಕೇಳ್ತಾರೋ ಅದನ್ನ ಕೊಡ್ರಿ," ಅಂದರು. ಡಾಕ್ಟರು ಊಟದ ಮಾತಾಡಿದ್ದು. ಅಪ್ಪ ಕೇಳಿದ್ದು ಫೋಟೋ.

"ಈಗ ಹೊಡಿ. ಕಣ್ಣು ಇನ್ನಾ ತೆರದಾವ."

ಹೊಸ ಕ್ಯಾಮೆರಾ ತಂದೆ. ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ.

"ಆ ಸತ್ತದ್ದು ಬ್ಯಾಡ! ನಂಗ ಖಟಾಕ್ ಕೇಳಬೇಕು. ಮನಷ್ಯಾನ ಮಾರಿ ತಗೊಂಡು ಹೊಂಟೀವಿ, ಹೇಳಿ ತಗೋಬೇಕು. ಹೇಳದ ತಗೊಂಡ್ರ ಕಳವು."

"ನಿದ್ದಿ ಹತ್ತಿದಾಗ ಹೊಡೀರಿ," ಎಂದು ಯಶೋದಾ ಒಳಗಿನಿಂದ ಸಲಹೆ ಕೊಟ್ಟಳು. ಕಣ್ಣು ಮುಚ್ಚಿದ ಫೋಟೋ ಬೇಡವೆಂಬುದಕ್ಕೇ ಇಷ್ಟೆಲ್ಲ ಎಂದು ನೆನಪಾಗಿ ತಾನೇ ನಾಲಿಗೆ ಕಚ್ಚಿಕೊಂಡಳು. ಬಾಗಿಲ ಪರದೆಯ ಹಿಂದೆ ನಿಂತು ಒಂದು ಸಲ ಕದ್ದು ಹೊಡೆಯಲು ನೋಡಿದೆ. ಅಪ್ಪ ಕಂಡುಬಿಟ್ಟ. ನೀರಿನ ತಂಬಿಗೆ ಬಂದು ನನ್ನ ಮೊಣಕಾಲಿಗೆ ತಾಗಿತು. ಸಾಯುವ ಮನುಷ್ಯನ ಗುರಿ ಅಷ್ಟು ಚೆನ್ನಾಗಿತ್ತು.

ಇನ್ನು ಹಳೆಯ ಕ್ಯಾಮೆರಾಕ್ಕೇ ರೀಲು ಹುಡುಕಬೇಕು. ಬಸವಕಲ್ಯಾಣದಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ರೀಲಿನ ಜಾಗದಲ್ಲಿ ಮೊಬೈಲ್ ಕವರು ತೂಗುತ್ತಿದ್ದವು. ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಮೂರು ಅಂಗಡಿ ತಿರುಗಿ, ನಾಲ್ಕನೆಯ ಕಡೆ ಬಳೆ, ಬಾಚಣಿಕೆಗಳ ಹಿಂದಿನಿಂದ ಮುದುಕನೊಬ್ಬ ಧೂಳು ಊದಿ ಒಂದು ರೀಲು ತೆಗೆದುಕೊಟ್ಟ. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಮಹಾರುದ್ರಪ್ಪನವರು ನನ್ನನ್ನು ಕಂಡರು.

"ಏನಪಾ ಗೈರುಹಾಜರಿ, ಇತ್ತ ಕಡಿ?"

"ಅಪ್ಪನ ಫೋಟೋ ಸರ್. ಬಹಳ ದಿನ ಇಲ್ಲ. ಖಟಾಕ್ ಬೇಕಂತಾನ."

ಮಹಾರುದ್ರಪ್ಪನವರ ನಗೆ ನಿಂತಿತು. ನನ್ನ ಕೈಯಿಂದ ರೀಲು ತೆಗೆದುಕೊಂಡು ಡಬ್ಬಿಯ ಮೇಲಿನ ತಾರೀಖು ಓದಿದರು. ಅವಧಿ ಮುಗಿದು ಎರಡು ವರ್ಷವಾಗಿತ್ತು. ವಾಪಸು ಕೊಟ್ಟು, ಬಸ್ಸಿನ ತನಕ ನನ್ನ ಜೊತೆ ನಡೆದು ಬಂದರು.

ಮರುದಿನ ಅಪ್ಪನನ್ನು ಖಮರುದ್ದೀನ್ ಮಗುವಿನಂತೆ ಎತ್ತಿ ಸ್ಟುಡಿಯೋಕ್ಕೆ ತಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿದ. ಹೆಗಲಿಗೆ ಇಸ್ತ್ರಿಯ ಅಂಗಿ ಏರಿಸಿದ್ದೆವು. ಎದುರಿನ ಗೋಡೆಗೆ ಗಿರಾಕಿಗಳು ತಲೆ ಬಾಚಿಕೊಳ್ಳುವ ನಿಲುವುಗನ್ನಡಿ. ದಾರಕ್ಕೆ ಕಟ್ಟಿದ ಬಾಚಣಿಕೆಯನ್ನು ಯಶೋದಾ ಅಪ್ಪನ ನಾಲ್ಕು ಕೂದಲಿಗೆ ಆಡಿಸಿದಳು. ನಾನು ರೀಲು ತುಂಬಿದೆ. ಅಪ್ಪ ಮೂವತ್ತೈದು ವರ್ಷ ಬೇರೆಯವರಿಗೆ ಹೇಳಿದ್ದನ್ನೆಲ್ಲ ತಾನೇ ಪಾಲಿಸಿದ: ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ, ಕಣ್ಣು ಲೆನ್ಸಿಗೆ.

ಒತ್ತಿದೆ. ಖಟಾಕ್!

ಎಷ್ಟು ದಿನದ ಮೇಲೆ ರೀಲಿನ ಮೇಲೆ ಬಿದ್ದ ಖಟಾಕ್! ತಗಡಿನ ಮಾಡಿನ ಮೇಲಿನ ಪಾರಿವಾಳಗಳು ಎದ್ದವು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ರೂಢಿಯಂತೆ ಉಸಿರು ಬಿಟ್ಟು ಮುಂದೆ ಹೋದ.

"ವಾಹ್, ಚಾಚಾ!" ಅಂದ ಖಮರುದ್ದೀನ್.

ಅಪ್ಪ ಕದಲಲಿಲ್ಲ. ಗದ್ದ ಹಾಗೆಯೇ, ಕಣ್ಣು ಹಾಗೆಯೇ.

"ಹೊಡಿ ಅಶೋಕಾ," ಅಂದ, ತುಟಿ ಅಲುಗಿಸದೆ. "ಕಣ್ಣಾಗ ನೀರು ಬರಾಕತ್ತಾವ."

ನಾನು ಯಶೋದಾಳನ್ನು ನೋಡಿದೆ. ಯಶೋದಾ ಖಮರುದ್ದೀನನನ್ನು ನೋಡಿದಳು. ಮತ್ತೆ ಒತ್ತಿದೆ. ಖಟಾಕ್!

"ಏನು ಮಾಡಾಕತ್ತೀಯೋ? ಹೊಡೀ!"

ಇನ್ನೊಂದು. ಮತ್ತೊಂದು. ಹತ್ತಿರ ಹೋಗಿ ಮೂಗಿನೆದುರಿಗೇ ಇನ್ನೊಂದು. ಅಪ್ಪ ಪ್ರತಿ ಸಲವೂ ಮೊದಲ ಫೋಟೋಕ್ಕೆ ಕೂತಂತೆ ಕೂತಿದ್ದ. ಮೂವತ್ತಾರು ಸಲ ಖಟಾಕ್ ಅಂದು ರೀಲು ಮುಗಿದು ಕೀಲಿ ನಿಂತಿತು. ಅಂಗಡಿಯ ಬಾಗಿಲಲ್ಲಿ ಹತ್ತು ಜನ ಸೇರಿದ್ದರು. ಯಾರೂ ಖಟಾಕ್ ಎಂದು ನನ್ನನ್ನು ಛೇಡಿಸಲಿಲ್ಲ.

ಖಮರುದ್ದೀನ್ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ: "ಎರಡ್ಮೂರು ವರ್ಷ ಆತು ಭಾಯ್, ಚಾಚಾ ನನ್ನ ಮಶೀನಿಗಿ ಬೈಯೂದು ಬಿಟ್ಟು. ನಾನು ದೋಸ್ತಿ ಆತು ಅಂದ್ಕೊಂಡೆ."

ಅಪ್ಪ ಜನ್ಮದಲ್ಲಿ ಯಾರ ಮಾತಿಗೂ ಕಿವಿಗೊಟ್ಟವನಲ್ಲ. ಆದ್ದರಿಂದ ಕಿವಿ ಹೋದದ್ದು ಮನೆಯವರಿಗೆ ಗೊತ್ತಾಗಲಿಲ್ಲ.

"ಕೊಡಿಲ್ಲಿ," ಎಂದು ಅಪ್ಪ ಕೈ ಚಾಚಿದ. "ಇದನ್ನೂ ಕೆಡಿಸೀ ಏನು?"

ನಾನು ರೀಲು ಸುತ್ತಿ ತೆಗೆದು ಬರಿಯ ಕ್ಯಾಮೆರಾ ಕೊಟ್ಟೆ. ಅವನು ಕೀಲಿ ಜಗ್ಗಿ, ಕಿವಿಗೆ ಹಿಡಿದು ಒತ್ತಿದ. ಖಟಾಕ್! ಕ್ಯಾಮೆರಾವನ್ನು ಕಿವಿಯಿಂದ ತೆಗೆದು ನೋಡಿದ. ಇನ್ನೊಂದು ಕಿವಿಗೆ ಹಿಡಿದು ಒತ್ತಿದ. ಆಮೇಲೆ ಎದೆಗೆ ಒತ್ತಿ ಹಿಡಿದು ಮೂರನೆಯ ಸಲ ಒತ್ತಿದ. ಬಾಗಿಲಲ್ಲಿದ್ದ ಹತ್ತು ಮಂದಿ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೋದರು.

"ಕೆಟ್ಟಿಲ್ಲ," ಅಂದ ಅಪ್ಪ. "ಕೈಗೆ ಬಡೀತದ." ಆಮೇಲೆ ಖಮರುದ್ದೀನನ ಕಡೆ ತಿರುಗಿ, "ನಿನ್ನ ಮಶೀನ್ ಇನ್ನಾ ಹಂಗೇ ಒದರ್ತದೇನೋ?" ಎಂದು ಕೇಳಿದ.

ಖಮರುದ್ದೀನ್ ಗೋಣು ಹಾಕಿದ. "ಹಂಗೇ ಅದ ಚಾಚಾ," ಎಂದು ಗಟ್ಟಿಯಾಗಿ ಕೂಗಿದ. "ಕತ್ತೆ ಒದರಿದಂಗ ಒದರ್ತದ!"

"ಹರಾಮ್‌ಖೋರ," ಅಂದ ಅಪ್ಪ. ಅವನ ಬಾಯಿಯಿಂದ ಎರಡ್ಮೂರು ವರ್ಷದ ಮೇಲೆ ಆ ಬೈಗುಳ ಕೇಳಿ ಖಮರುದ್ದೀನ್ ಮುಖ ಆ ಕಡೆ ತಿರುಗಿಸಿಕೊಂಡ.

ಅಪ್ಪ ಬೆರಳು ಮಾಡಿ ಹೊಸ ಕ್ಯಾಮೆರಾ ಕೇಳಿದ. ಕೊಟ್ಟೆ. ಹೆಬ್ಬೆರಳಿನಿಂದ ಕೀಲಿ ಮುಟ್ಟಿ ನೋಡಿದ.

"ರೀಲ್ ಇಲ್ಲ. ಆದ್ರೂ ಕೀಲಿ ಇಟ್ಟಾರ?"

ನಾನು ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ಹಿರಿಯರ ರಿವಾಜು ಅಂತ, ಅಪ್ಪಾ!"

ಕೇಳಿತೋ ಇಲ್ಲವೋ, ಹಲ್ಲಿಲ್ಲದ ಬಾಯಿಯಲ್ಲಿ ನಕ್ಕ. ಕೀಲಿ ಜಗ್ಗಿದ. ಕಿಂಡಿಗೆ ಕಣ್ಣಿಟ್ಟು ಎದುರಿನ ನಿಲುವುಗನ್ನಡಿಯತ್ತ ತಿರುಗಿದ. ನಡುಗುವ ಬೆರಳಿನಿಂದ ಲೆನ್ಸನ್ನು ಅತ್ತಿತ್ತ ತಿರುವಿ ತನ್ನ ಎರಡು ಮುಖವನ್ನು ಒಂದು ಮಾಡಿಕೊಂಡ. ಒತ್ತಿದ. ನಮಗ್ಯಾರಿಗೂ ಏನೂ ಕೇಳಲಿಲ್ಲ.

"ಬಡೀತು," ಅಂದ ಅಪ್ಪ. "ಮೆತ್ತಗ ಬಡೀತದ. ಆದ್ರ ಬಡೀತದ."

"ಇನ್ನೊಂದು ನಾ ಹೊಡೀಲಾ?" ಎಂದು ಕೈ ಮಾಡಿ ಕೇಳಿದೆ.

"ಸಾಕು. ಅಂಗಿ ಬಿಚ್ಚರಿ, ಕುತ್ತಿಗಿ ಹಿಡೀತದ."

ಮೂವತ್ತಾರು ಖಟಾಕಿನ ರೀಲನ್ನು ಗುಲಬರ್ಗಾಕ್ಕೆ ಕಳಿಸಿದೆ. ತೊಳೆದವರು ಒಂದು ಚೀಟಿಯ ಜೊತೆ ವಾಪಸು ಕಳಿಸಿದರು: ನೆಗೆಟಿವ್ ಪೂರಾ ಕಪ್ಪು, ಒಂದೂ ಫೋಟೋ ಇಲ್ಲ. ಕ್ಯಾಮೆರಾ ಬಿಚ್ಚಿ ನೋಡಿದಾಗ ತಿಳಿಯಿತು. ಬರಿಯ ಸಪ್ಪಳಕ್ಕೆಂದು ವರ್ಷಗಟ್ಟಲೆ ಒತ್ತಿ ಒತ್ತಿ ಒಳಗಿನ ಬಟ್ಟೆಯ ಪರದೆ ಹರಿದುಹೋಗಿ ಬೆಳಕು ನುಗ್ಗಿತ್ತು. ಸಪ್ಪಳ ಮಾತ್ರ ಎಲ್ಲೂ ಕೆಟ್ಟಿರಲಿಲ್ಲ.

ಆ ಚೀಟಿ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದ. ಮಂಠಾಳದಿಂದ ಚಿಕ್ಕಪ್ಪ ದಿಗಂಬರ ಬಂದು, ಗೋಡೆಗೆ ಒರಗಿಸಿ ಕೂರಿಸಿ, "ಹೊಡಿ ಅಶೋಕಾ, ಹೊತ್ತಾಗ್ತದ," ಅಂದ. ಹೊಡೆಯುವುದಿಲ್ಲ ಅಂದೆ. ಯಾವ ಕಾಲದಲ್ಲಿ ಯಾವ ನಖರಾ ಎಂದು ಬೀಗರೆಲ್ಲ ಬೈದರು. ಅಪ್ಪ ಎದ್ದು ಬಂದರೆ ಏಟು ಬೀಳುವ ಕಪಾಳ ನನ್ನದು, ಅವರಿಗೇನು?

ಹೀಗಾಗಿ ಉಳಿದದ್ದು ಕನ್ನಡಿಯೊಳಗಿನ ಒಂದೇ ಫೋಟೋ. ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ ಹದಿಮೂರನೆಯ ದಿನ ಗೋಡೆಗೆ ಏರಿಸಿದೆ. ದಿಗಂಬರ ಚಿಕ್ಕಪ್ಪ ಅದರ ಹತ್ತಿರ ಹೋಗಿ ಇಣುಕಿದ.

"ಇದೇನೋ, ನಮ್ಮಣ್ಣಗ ಒಂದೇ ಕಣ್ಣು? ಅರ್ಧ ಮಾರಿ ಎಲ್ಲಿ ಹೋತು?"

"ಕ್ಯಾಮೆರಾದ ಹಿಂದ ಅದ, ಕಾಕಾ."

"ಕುಂಕುಮ ಎಲ್ಲಿ ಹಚ್ಚೂದು? ಲೆನ್ಸಿಗೇನು?"

ಯಶೋದಾ ಕ್ಯಾಮೆರಾದ ಮೇಲೆ ಕಾಣುವ ಎರಡು ಬೆರಳು ಅಗಲದ ಹಣೆಗೆ ಹಚ್ಚಿದಳು. ತೆರೆದಿರುವ ಒಂದು ಕಣ್ಣು ಎದುರಿಗೆ ನೋಡುತ್ತಿದೆ. ಬೆರಳು ಗುಂಡಿಯ ಮೇಲಿದೆ.

ಈಗ ಸಂಕಟವೆಂದರೆ, ಅಂಗಡಿಗೆ ಹಳ್ಳಿಯಿಂದ ಬರುವ ಹಿರಿಯರು ಒಳಗೆ ಕಾಲಿಟ್ಟೊಡನೆ ಗೋಡೆಯ ಮೇಲಿನ ಅಪ್ಪನನ್ನು ಕಾಣುತ್ತಾರೆ. ಯಾರೋ ತಮಗೆ ಕ್ಯಾಮೆರಾ ಹಿಡಿದಿದ್ದಾರೆಂದು ಅಲ್ಲೇ ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, ಉಸಿರು ಹಿಡಿಯುತ್ತಾರೆ. ಅದು ಫೋಟೋ ಎಂದು ಹೇಳಿ ನೋಡಿದೆ. ಹೌದು ಹೌದು ಅನ್ನುತ್ತಾರೆ, ಕದಲುವುದಿಲ್ಲ. ಮೊನ್ನೆ ಹುಡಗಿಯಿಂದ ಸತ್ಯಮ್ಮ ಬಂದಳು, ತಾಯಿಯ ಫೋಟೋ ಇನ್ನೂ ಇದೆಯೇ ಎಂದು ಕೇಳಲು. ಅವಳೂ ಬಾಗಿಲಲ್ಲೇ ಸೆರಗು ಹೊದ್ದು ನೆಟ್ಟಗೆ ನಿಂತುಬಿಟ್ಟಳು. ನಾನು ಖಾನೆಯಿಂದ ಲಕೋಟೆ ಹುಡುಕಿ ತೆಗೆದು ಧೂಳು ಒರೆಸಿದೆ. ಅವಳು ಇನ್ನೂ ನಿಂತೇ ಇದ್ದಳು, ಅಪ್ಪನ ಕಣ್ಣಿನಲ್ಲಿ ಕಣ್ಣಿಟ್ಟು.

ಬೇರೆ ದಾರಿಯಿಲ್ಲದೆ ಟೇಬಲ್ಲಿನ ಹಿಂದಿನಿಂದ ನಾನೇ ಮೆಲ್ಲಗೆ ಅಂದೆ:

"ಖಟಾಕ್."

ಸತ್ಯಮ್ಮ ಉಸಿರು ಬಿಟ್ಟು, ಒಳಗೆ ಬಂದು, ಸ್ಟೂಲಿನ ಮೇಲೆ ಕೂತು ಅತ್ತಳು.